ಹಿಡಿದವರ ಲೆಕ್ಕ

ಭದ್ರಾವತಿಯವನು ಎಂದು ಹೇಳಿಕೊಂಡ ಕೂಡಲೇ ಎದುರಿಗಿದ್ದವರು ಎರಡರಲ್ಲಿ ಒಂದು ಪ್ರಶ್ನೆ ಕೇಳುತ್ತಾರೆ. ‘ಫ್ಯಾಕ್ಟರಿ ಕಥೆ ಏನಾಯ್ತು?’ ಅಥವಾ ‘ವಿಶ್ವನಾಥ್ ನಿಮ್ಮೂರಿನವರಲ್ವಾ?’ ಮೊದಲನೆಯದಕ್ಕೆ ಉತ್ತರ ಉದ್ದ. ಹೇಳಲು ಹೊರಟರೆ ಕೇಳಿದವರ ಬಸ್ಸು ತಪ್ಪುತ್ತದೆ. ಎರಡನೆಯದಕ್ಕೆ ತಲೆಯಾಡಿಸಿದರೆ ಸಾಕು. ಜಿ.ಆರ್. ವಿಶ್ವನಾಥ್ 1949ರ ಫೆಬ್ರವರಿಯಲ್ಲಿ ನಮ್ಮೂರಲ್ಲಿ ಹುಟ್ಟಿದ್ದರಲ್ಲಿ ನನ್ನ ಪಾತ್ರ ಏನೇನೂ ಇಲ್ಲ. ಆದರೂ ಅವರ ಸ್ಕ್ವೇರ್ ಕಟ್‌ನಲ್ಲಿ ನನಗೂ ಒಂದು ಪಾಲು ಇದೆ ಎಂಬ ಭಾವದಲ್ಲಿ ನಗುತ್ತೇನೆ. ಕೇಳಿದವರಿಗೆ ಬಿಡುವಿದ್ದರೆ ಕಾನ್ಪುರದ ಕಥೆಯನ್ನೂ ಸೇರಿಸುತ್ತೇನೆ: 1969, ಆಸ್ಟ್ರೇಲಿಯಾ ಎದುರು ಮೊದಲ ಟೆಸ್ಟು, ಮೊದಲ ಇನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಸೊನ್ನೆ ಹೇಳಿದ ಮೇಲೆ ಸ್ವಲ್ಪ ತಡೆದು 137 ಹೇಳಬೇಕು. ಅದೊಂದು ಕಲೆ. ಭದ್ರಾವತಿಯಲ್ಲಿ ಎಲ್ಲರಿಗೂ ಬರುತ್ತದೆ.

ಬರುವುದಿಲ್ಲ ಎನ್ನುವವನು ಒಬ್ಬನೇ, ಹಳೇನಗರದ ನನ್ನ ಗೆಳೆಯ. ಹೆಸರು ಹಾಕಿದರೆ ಪಾರ್ಟಿ ಕೇಳುತ್ತಾನೆ. ಅದಕ್ಕೇ ಕಾರ್ನರ್ ಎನ್ನುತ್ತೇನೆ, ಅವನ ಓಣಿಯಲ್ಲಿ ಅರ್ಧ ಜನ ಕರೆಯುವುದೂ ಹಾಗೆಯೇ. ಕಬಡ್ಡಿಯಲ್ಲಿ ಎಡಮೂಲೆ ಅವನ ಜಾಗ. ರೈಡರ್ ಬೋನಸ್ ಗೆರೆಯತ್ತ ಕಾಲು ಚಾಚಿದ ಕ್ಷಣಕ್ಕೆ ಕೆಳಗೆ ಬಿದ್ದು ಕಣಕಾಲು ಹಿಡಿಯುವುದು ಅವನ ಉದ್ಯೋಗ. ಸಂಬಳ ಬರುತ್ತಿದ್ದ ಉದ್ಯೋಗ ಐರನ್ ಫ್ಯಾಕ್ಟರಿಯಲ್ಲಿತ್ತು, ಆದರೆ ತನ್ನ ಪರಿಚಯ ಹೇಳುವಾಗ ಅದು ಅವನಿಗೆ ನೆನಪಾಗುವುದು ಎರಡನೆಯದಾಗಿ.

‘ವಿಶ್ವನಾಥ್ ದೊಡ್ಡ ಆಟಗಾರ, ಇಲ್ಲ ಅನ್ನಲ್ಲ ಮಾರಾಯ’ ಎನ್ನುತ್ತಾನೆ. ‘ಆ ಕಟ್ಟುಗಳನ್ನ ಪಾಯಿಂಟಲ್ಲಿ ನಿಂತು ತಡೆದೋನು ಒಬ್ಬ ಇದ್ದನಲ್ಲ, ಅವನ ಹೆಸರೇನು ಹೇಳು ನೋಡೋಣ?’

ನಾನು ಹೇಳಲಾರೆ. ಯಾರೂ ಹೇಳಲಾರರು. ಕಾರ್ನರ್‌ಗೆ ಒಪ್ಪಿಗೆಯಾದ ಕ್ರಿಕೆಟಿಗ ಒಬ್ಬರೇ, ರಾಹುಲ್ ದ್ರಾವಿಡ್. ಅವರ 13,288 ಟೆಸ್ಟ್ ರನ್ನಿಗಾಗಿ ಅಲ್ಲ, ಎದುರಿಸಿದ 31,258 ಎಸೆತಗಳಿಗಾಗಿ. ಟೆಸ್ಟ್ ಕ್ರಿಕೆಟ್ಟಿನಲ್ಲಿ ಬೇರೆ ಯಾರೂ ಅಷ್ಟು ಎಸೆತ ಎದುರಿಸಿಲ್ಲ. ‘ಅದು ಹಿಡಿಯೋನ ಜಾತಿ’ ಎಂದು ಕಾರ್ನರ್ ಸರ್ಟಿಫಿಕೇಟು ಕೊಟ್ಟಿದ್ದಾನೆ. ಅದಕ್ಕಿಂತ ಮೇಲಿನ ಪ್ರಶಸ್ತಿ ಅವನ ಬಳಿ ಇಲ್ಲ.

ನಮ್ಮ ಕಡೆಯ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ನೋಡಿದವರಿಗೆ ಅವನ ಸಿಟ್ಟು ಅರ್ಥವಾಗುತ್ತದೆ. ಕನಕ ಮಂಟಪದ ಮೈದಾನದಲ್ಲಿ ಲೈಟು ಹಾಕಿ, ಅಂಕಣಕ್ಕೆ ನೀರು ಚಿಮುಕಿಸಿ, ಮೈಕಿನವನು ದಾನಿಗಳ ಹೆಸರು ಓದಿ ಮುಗಿಸುವ ಹೊತ್ತಿಗೆ ರಾತ್ರಿ ಹತ್ತಾಗಿರುತ್ತದೆ. ರೈಡರ್ ಗೆರೆ ದಾಟಿದನೋ, ಮೈಕಿನವನಿಗೆ ಜೀವ ಬರುತ್ತದೆ. ಅವನ ಊರು, ಅವನ ಶೈಲಿ, ಕಳೆದ ವರ್ಷ ಅವನು ಎಲ್ಲಿ ಎಷ್ಟು ಅಂಕ ತಂದ, ಎಲ್ಲಾ ಮೂವತ್ತು ಸೆಕೆಂಡಿನೊಳಗೆ. ಆ ರೈಡರನ್ನು ಹಿಡಿದು ಕೆಡವಿದರೆ? ‘ರೈಡರ್ ಔಟ್.’ ಮುಗಿಯಿತು. ಕೆಡವಿದವನು ಅಂಗಿ ಸರಿಮಾಡಿಕೊಂಡು, ಮೊಣಕೈಗೆ ಎಂಜಲು ಹಚ್ಚಿಕೊಂಡು, ತನ್ನ ಮೂಲೆಗೆ ಹೋಗಿ ನಿಲ್ಲುತ್ತಾನೆ. ಕೊನೆಗೆ ವೇದಿಕೆಯ ಮೇಲೆ ಬೆಸ್ಟ್ ರೈಡರ್, ಬೆಸ್ಟ್ ಕ್ಯಾಚರ್ ಅಂತ ಎರಡು ಕಪ್ಪು ಇಟ್ಟಿರುತ್ತಾರೆ. ಯಾವುದು ಗಿಡ್ಡ ಎಂದು ಹೇಳಬೇಕಾಗಿಲ್ಲ.

ಅಂಕದ ಲೆಕ್ಕವೇ ಹಾಗಿದೆ. ರೈಡರ್ ಒಂದೇ ಉಸಿರಿನಲ್ಲಿ ಮೂವರನ್ನು ಮುಟ್ಟಿ ಬಂದರೆ ಮೂರು ಅಂಕ. ಹಿಡಿಯುವವರು ನಾಲ್ಕು ಜನ ಬಿದ್ದು ಎದ್ದು ಒಬ್ಬನನ್ನು ತಡೆದರೆ ಒಂದು ಅಂಕ. ತಮ್ಮ ಕಡೆ ಮೂರು ಅಥವಾ ಅದಕ್ಕಿಂತ ಕಡಿಮೆ ಜನ ಉಳಿದಾಗ ಹಿಡಿದರೆ ಮಾತ್ರ ಸೂಪರ್ ಟ್ಯಾಕಲ್ ಎಂದು ಎರಡು. ಪ್ರೊ ಕಬಡ್ಡಿಯಲ್ಲಿ ರೈಡರ್ ಪ್ರದೀಪ್ ನರ್ವಾಲ್ 1,700 ರೈಡ್ ಅಂಕ ದಾಟಿದರು. ಹಿಡಿಯುವವರಲ್ಲಿ ಎಲ್ಲರಿಗಿಂತ ಮುಂದಿರುವ ಇರಾನಿನ ಫಜಲ್ ಅತ್ರಾಚಲಿಗೆ, ಇವರೂ ಎಡಮೂಲೆಯವರೇ, 500ರ ಗಡಿ ಮುಟ್ಟಲು ಎಷ್ಟೋ ಸೀಸನ್ ಬೇಕಾಯಿತು. 2019ರ ಜನವರಿ 5ರಂದು ಬೆಂಗಳೂರು ಬುಲ್ಸ್ 38–33ರಲ್ಲಿ ಗುಜರಾತನ್ನು ಸೋಲಿಸಿ ಕಪ್ ಗೆದ್ದಾಗ ಶಿವಮೊಗ್ಗದ ಟೀ ಅಂಗಡಿಗಳಲ್ಲೆಲ್ಲ ಪವನ್ ಸೆಹ್ರಾವತ್ ತಂದ 22 ಅಂಕದ್ದೇ ಮಾತು. ಗುಜರಾತಿನ ಆ 33 ಯಾಕೆ 40 ಆಗಲಿಲ್ಲ ಎಂದು ಕೇಳಿದವನು ನನಗೆ ಗೊತ್ತಿದ್ದಂತೆ ಒಬ್ಬನೇ. ಅವನು ಯಾರು ಎಂದು ನಿಮಗೂ ಗೊತ್ತು.

ಇಷ್ಟಾದರೂ ಈ ಜಗಳ ಬಿ.ಎಚ್. ರಸ್ತೆಯ ಆಚೆ ಹೋಗಿರಲಿಲ್ಲ. ಹೋದದ್ದು ನನ್ನ ಸೋದರಳಿಯ ಬಂದಮೇಲೆ. ಅವನಿರುವುದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ. ಹಿಂದೆಲ್ಲ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಸೊಂಟ ಹಿಡಿದುಕೊಂಡು ಬರುತ್ತಿದ್ದವನು, ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣವಾದ ಮೇಲೆ ಇಸ್ತ್ರಿ ಕೆಡದ ಅಂಗಿಯಲ್ಲಿ ಇಳಿಯುತ್ತಾನೆ. ಈ ಸಲ ನನಗೆಂದು ತಂದದ್ದು ನೇರಳೆ ಬಣ್ಣದ ಒಂದು ಜೆರ್ಸಿ. ಬೆನ್ನ ಮೇಲೆ 88, ಅದರ ಮೇಲೆ ‘ಪೇಜ್’ ಎಂದು ಹೆಸರು. ಹೆಂಡತಿ ಅದನ್ನು ನನ್ನ ಮೈಗೆ ಹಿಡಿದು ನೋಡಿ, ‘ಇದರಲ್ಲಿ ಇಬ್ಬರು ಹೋಗಬಹುದು’ ಎಂದು ಮಡಚಿಟ್ಟಳು. ಯಾರು ಈ ಪೇಜು ಎಂದು ಕೇಳಿದ್ದೇ ತಡ, ಅಳಿಯ ಊಟದ ಮೇಜಿನ ಮೇಲೆ ಪೇಪರು ಹರಡಿ ಅಡಿಕೆ ಡಬ್ಬ ತರಿಸಿದ.

ಅಮೆರಿಕನ್ ಫುಟ್‌ಬಾಲ್ ಎಂಬ ಆಟವನ್ನು ನಾನು ಕಲಿತದ್ದು ಹೀಗೆ. ಕೆಂಪು ರಾಶಿ ಅಡಿಕೆ ಹನ್ನೊಂದು ಒಂದು ಕಡೆ, ಬಿಳಿ ಚಾಲಿ ಅಡಿಕೆ ಹನ್ನೊಂದು ಇನ್ನೊಂದು ಕಡೆ. ಕೆಂಪಿನ ಕೈಯಲ್ಲಿ ಚೆಂಡು. ನಾಲ್ಕು ಸಲ ಪ್ರಯತ್ನಿಸಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಸಲ ಸಿಗುತ್ತದೆ, ಹೋಗದಿದ್ದರೆ ಚೆಂಡು ಆಚೆಯವರಿಗೆ. ನೂರು ಗಜದ ಮೈದಾನದ ತುದಿ ದಾಟಿ ಒಳಗೆ ಹೊಕ್ಕರೆ ಆರು ಅಂಕ. ‘ಬಿಳಿಯವರ ಕೆಲಸ ಏನಪ್ಪ?’ ಎಂದೆ. ‘ಮಾವ, ಇವರು ಅವರನ್ನ ಹಿಡೀಬೇಕು, ಅಷ್ಟೇ’ ಎಂದ. ಮುಂದಿನ ಸಾಲಿನ ದಪ್ಪ ಅಡಿಕೆಗಳು ಡಿಫೆನ್ಸಿವ್ ಲೈನ್, ಹಿಂದಿನವು ಲೈನ್‌ಬ್ಯಾಕರ್, ಅಂಚಿನಲ್ಲಿ ನಿಂತವು ಕಾರ್ನರ್‌ಬ್ಯಾಕ್. ಆ ಕೊನೆಯ ಹೆಸರು ಬಂದಾಗ ಬಲಗಡೆಯ ಕಾರ್ನರ್‌ಬ್ಯಾಕನ್ನು ನಾನು ಆಗಲೇ ಬಾಯಿಗೆ ಹಾಕಿಕೊಂಡಿದ್ದೆ. ಅಳಿಯ ಬೇಸರಿಸದೆ ಇನ್ನೊಂದನ್ನು ಇಟ್ಟ. ಆ ಹೊತ್ತಿಗೆ ಭದ್ರಾವತಿಯಿಂದ ನಮ್ಮ ಮನೆಗೆ ಬಂದಿದ್ದ ಕಾರ್ನರ್ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದ.

‘ಅಳಿಯಾ, ಇದು ಕಬಡ್ಡಿನೇ ಕಣೋ. ಚೆಂಡು ಕೊಟ್ಟು ಕೆಡಿಸಿದಾರೆ.’

ಅಂದಿನಿಂದ ಅವರಿಬ್ಬರೂ ಒಂದಾದರು. ನಾನು ಮೂರನೆಯವನಾದೆ.

ಅಲನ್ ಪೇಜ್ ಕಥೆ ಅಳಿಯ ಹೇಳಿದಂತೆ ಇದು. ಹುಟ್ಟಿದ್ದು 1945ರಲ್ಲಿ, ಒಹಾಯೋ ರಾಜ್ಯದ ಕ್ಯಾಂಟನ್ ಊರಿನಲ್ಲಿ. ಅದೂ ಉಕ್ಕಿನ ಊರು ಎಂದ ಕೂಡಲೇ ಕಾರ್ನರ್ ಕುರ್ಚಿ ಮುಂದಕ್ಕೆಳೆದ. ಅಮೆರಿಕದವರು ತಮ್ಮ ಫುಟ್‌ಬಾಲ್ ಮಹಾಪುರುಷರಿಗಾಗಿ ಹಾಲ್ ಆಫ್ ಫೇಮ್ ಎಂಬ ಸ್ಮಾರಕ ಭವನ ಕಟ್ಟಿರುವುದೂ ಅದೇ ಊರಿನಲ್ಲಿ, 1963ರಲ್ಲಿ. ಅದರ ಕಟ್ಟಡದ ಕೆಲಸಕ್ಕೆ ಕೂಲಿಗೆ ಹೋದ ಹುಡುಗರಲ್ಲಿ ಪೇಜ್ ಕೂಡ ಒಬ್ಬ. ಇಪ್ಪತ್ತೈದು ವರ್ಷದ ಮೇಲೆ, 1988ರಲ್ಲಿ, ಅದೇ ಭವನದಲ್ಲಿ ಅವರ ಪ್ರತಿಮೆ ಇಟ್ಟರು. ನಮ್ಮಲ್ಲಾಗಿದ್ದರೆ ಕಟ್ಟಡ ಅಷ್ಟು ವರ್ಷ ನಿಂತಿತ್ತೇ ಎಂಬುದು ಮೊದಲ ಪ್ರಶ್ನೆಯಾಗುತ್ತಿತ್ತು.

1967ರಿಂದ ಮಿನ್ನೆಸೋಟ ವೈಕಿಂಗ್ಸ್ ತಂಡದ ಮುಂದಿನ ಸಾಲಿನಲ್ಲಿ ಡಿಫೆನ್ಸಿವ್ ಟ್ಯಾಕಲ್ ಆಗಿ ಆಡಿದರು. ಎದುರಾಳಿ ತಂಡದಲ್ಲಿ ಚೆಂಡು ಎಸೆಯುವ ನಾಯಕನಿಗೆ ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ. ಊರವರಿಗೆಲ್ಲ ಗೊತ್ತಿರುವ ಹೆಸರು ಅವನದೇ, ಜಾಹೀರಾತಿನಲ್ಲಿ ಬರುವ ಮುಖವೂ ಅವನದೇ. ಅವನು ಚೆಂಡು ಎಸೆಯುವ ಮೊದಲೇ ಅವನ ಮೇಲೆ ಬೀಳುವುದು ಪೇಜ್ ಅವರ ಕಸುಬು. 1971ರಲ್ಲಿ ಇಡೀ ಲೀಗಿನ ಅತ್ಯಮೂಲ್ಯ ಆಟಗಾರ ಎಂಬ ಪ್ರಶಸ್ತಿ ಅವರಿಗೆ ಬಂತು. ಹಿಡಿಯುವವನಿಗೆ ಅದು ಬಂದದ್ದು ಅದೇ ಮೊದಲು. ಆಮೇಲೆ ಬಂದದ್ದು ಒಂದೇ ಸಲ, 1986ರಲ್ಲಿ ಲಾರೆನ್ಸ್ ಟೇಲರ್ ಎಂಬವರಿಗೆ. ‘ಉಳಿದ ವರ್ಷ ಹೊಡೆಯೋರಿಗೇ ಅಲ್ವಾ?’ ಎಂದು ಕಾರ್ನರ್ ನನ್ನ ಕಡೆ ನೋಡಿದ. ಎಲ್ಲ ನಾನೇ ಹಂಚಿದ್ದು ಎಂಬಂತಿತ್ತು ಆ ನೋಟ.

ಕ್ವಾರ್ಟರ್‌ಬ್ಯಾಕನ್ನು ಹೀಗೆ ಕೆಡವುವುದಕ್ಕೆ ಸ್ಯಾಕ್ ಎಂದು ಹೆಸರು. ಅದನ್ನು ಲೀಗಿನವರು ಅಧಿಕೃತವಾಗಿ ಎಣಿಸತೊಡಗಿದ್ದು 1982ರಿಂದ. ಪೇಜ್ ಕೊನೆಯ ಪಂದ್ಯ ಆಡಿದ್ದು 1981ರಲ್ಲಿ. ಹಳೆಯ ಫಿಲ್ಮು, ಹಳೆಯ ಕಾಗದಪತ್ರ ನೋಡಿ ಲೆಕ್ಕ ಹಾಕಿದವರು ಅವರ ಖಾತೆಗೆ 148 ಚಿಲ್ಲರೆ ಸ್ಯಾಕ್ ಬರೆಯುತ್ತಾರೆ. ಆದರೆ ಲೀಗಿನ ಅಧಿಕೃತ ಪುಸ್ತಕದಲ್ಲಿ ಆ ಅಂಕಣ ಖಾಲಿ. ಅಷ್ಟು ವರ್ಷ ಎಷ್ಟು ಗಜ ಓಡಿದರು, ಎಷ್ಟು ಗಜ ಎಸೆದರು ಎಂದು ಗುಮಾಸ್ತರು ಕೂತು ಬರೆದರು. ತಡೆದವರ ಹೆಸರಿಗೆ ಒಂದು ಗೀಟು ಎಳೆಯಲು ಯಾರಿಗೂ ಪುರುಸೊತ್ತಾಗಲಿಲ್ಲ. ಇದನ್ನು ಕೇಳಿ ಕಾರ್ನರ್ ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ. ಅವನ ಮುಖದಲ್ಲಿ ಸಮಾಧಾನ ಕಂಡಿತು. ಅಮೆರಿಕದಲ್ಲೂ ಹೀಗೇ ಎಂದು ಗೊತ್ತಾದರೆ ನಮ್ಮವರಿಗೆ ಅರ್ಧ ದುಃಖ ಇಳಿಯುತ್ತದೆ.

ಆಟದ ನಡುವೆಯೇ ಪೇಜ್ ಕಾನೂನು ಕಾಲೇಜಿಗೆ ಹೋಗಿ 1978ರಲ್ಲಿ ಪದವಿ ಪಡೆದರು. ಅದೇ ಹೊತ್ತಿಗೆ, ಹೆಂಡತಿ ಸಿಗರೇಟು ಬಿಡಬೇಕೆಂದು ಓಡಲು ಶುರುಮಾಡಿದಾಗ ಇವರೂ ಜೊತೆಗೆ ಓಡಿದರು. ಆಕೆಯ ಸಿಗರೇಟು ಹೋಯಿತು, ಇವರ ತೂಕ ಹೋಯಿತು. 111 ಕಿಲೋ ಇದ್ದವರು 100ರ ಆಸುಪಾಸಿಗೆ ಇಳಿದರು. ಮುಂದಿನ ಸಾಲಿಗೆ ಇಷ್ಟು ತೆಳ್ಳಗಿನವನು ಆಗುವುದಿಲ್ಲ ಎಂದು ವೈಕಿಂಗ್ಸ್ ತಂಡ ಅವರನ್ನು ಕೈಬಿಟ್ಟಿತು. ಶಿಕಾಗೊ ಬೇರ್ಸ್ ತಂಡದವರು ಬರೀ ನೂರು ಡಾಲರ್ ಶುಲ್ಕ ಕಟ್ಟಿ ಕರೆದುಕೊಂಡರು. ಮರುವರ್ಷ ಅವರು ಮ್ಯಾರಥಾನ್ ಓಡಿ ಮುಗಿಸಿದರು. ಲೀಗಿನಲ್ಲಿ ಆಡುತ್ತಿರುವಾಗಲೇ ಅದನ್ನು ಮಾಡಿದ ಮೊದಲಿಗರು ಅವರೇ.

ತೂಕದ ವಿಷಯ ಬಂದಾಗ ಕಾರ್ನರ್ ಸುಮ್ಮನಿರುವ ಹಾಗಿಲ್ಲ. ನಮ್ಮ ಕಬಡ್ಡಿಯಲ್ಲಿ ತಾಪತ್ರಯ ಉಲ್ಟಾ. 55 ಕಿಲೋ ವಿಭಾಗ, 60 ಕಿಲೋ ವಿಭಾಗ ಎಂದು ಪಂದ್ಯ ನಡೆಸುತ್ತಾರೆ. ಸೀನಿಯರ್ ನ್ಯಾಷನಲ್ಸ್‌ಗೆ ಹೋದರೂ ಗಂಡಸರಿಗೆ 85ರ ಗಡಿ. ತಕ್ಕಡಿ ಹತ್ತುವ ದಿನ ಬೆಳಗ್ಗೆಯಿಂದ ಉಪವಾಸ, ಸ್ವೆಟರ್ ಹಾಕಿಕೊಂಡು ಬಿಸಿಲಲ್ಲಿ ಓಟ, ನೀರು ಕುಡಿಯದೆ ಉಗುಳಿ ಉಗುಳಿ ತೂಕ ಇಳಿಸುವುದು. ಆಮೇಲೂ ಕಾಲು ಕಿಲೋ ಹೆಚ್ಚು ಬಂದರೆ ಸಲೂನಿಗೆ ಓಡಿ ತಲೆ ಬೋಳಿಸಿಕೊಂಡು ಬಂದವರ ಕಥೆ ಅವನ ಬಳಿ ಇದೆ. ತೂಕ ಪಾಸಾದ ಮರುಕ್ಷಣ ಮೂಲೆಯ ಅಂಗಡಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು ಅಂಕಣಕ್ಕೆ ಇಳಿದಾಗ ಹುಡುಗ 57 ಕಿಲೋ ಇರುತ್ತಿದ್ದನಂತೆ. ‘ನಿಮ್ಮ ಪೇಜು ನಮ್ಮ ಕಡೆ ಹುಟ್ಟಬೇಕಿತ್ತು. ತೆಳ್ಳಗಾದ ಅಂತ ಹಾರ ಹಾಕ್ತಿದ್ವಿ.’

ವೈಕಿಂಗ್ಸ್ ನಾಲ್ಕು ಸಲ ಸೂಪರ್ ಬೌಲ್ ಎಂಬ ಫೈನಲ್ ತಲುಪಿ ನಾಲ್ಕೂ ಸಲ ಸೋತಿತು. ನಾಲ್ಕರಲ್ಲೂ ಪೇಜ್ ಆಡಿದ್ದರು. ಅದರಲ್ಲಿ 1975ರ ಜನವರಿಯ ಸೋಲನ್ನು ನಾನು ಬೇಕೆಂದೇ ಅಳಿಯನಿಂದ ಎರಡು ಸಲ ಹೇಳಿಸಿಕೊಂಡೆ. ಗೆದ್ದದ್ದು ಪಿಟ್ಸ್‌ಬರ್ಗ್ ಸ್ಟೀಲರ್ಸ್. ಹೆಸರಲ್ಲೇ ಉಕ್ಕಿದೆ. ಹೆಲ್ಮೆಟ್ಟಿನ ಮೇಲೆ ಅಲ್ಲಿನ ಉಕ್ಕು ಉದ್ಯಮದ ಲಾಂಛನ, ಅದೂ ಬಲಗಡೆ ಮಾತ್ರ. ಅವರ ಹಿಡಿಯುವ ನಾಲ್ವರ ಸಾಲಿಗೆ ‘ಉಕ್ಕಿನ ಪರದೆ’ ಎಂದೇ ಹೆಸರು. ಆ ನಾಲ್ವರಲ್ಲಿ ಡ್ವೈಟ್ ವೈಟ್ ಎಂಬವರು ನ್ಯುಮೋನಿಯ ಆಗಿ ಆಸ್ಪತ್ರೆಯಲ್ಲಿದ್ದು, ಎದ್ದು ಬಂದು ಆಡಿದರು. ಪಂದ್ಯದ ಮೊದಲ ಅಂಕ ತಂದದ್ದೂ ಅವರೇ, ಎದುರಾಳಿಯನ್ನು ಅವನ ಗೆರೆಯ ಒಳಗೇ ಹಿಡಿದು. ಅದಕ್ಕೆ ಸೇಫ್ಟಿ ಎನ್ನುತ್ತಾರೆ, ಎರಡು ಅಂಕ. ಅರ್ಧ ಆಟ ಮುಗಿದಾಗ ಸ್ಕೋರು 2–0. ಅಂದರೆ ಅಮೆರಿಕದ ಅತಿ ದೊಡ್ಡ ಪಂದ್ಯದ ಅರ್ಧಭಾಗದಲ್ಲಿ ಹೊಡೆಯುವವರೆಲ್ಲ ಸೇರಿ ಒಂದು ಅಂಕವನ್ನೂ ತರಲಿಲ್ಲ. ‘ಆಹಾ’ ಎಂದ ಕಾರ್ನರ್, ಕಣ್ಣು ಮುಚ್ಚಿಕೊಂಡು. ಕೊನೆಗೆ 16–6ರಲ್ಲಿ ಸ್ಟೀಲರ್ಸ್ ಗೆದ್ದರು ಎಂಬುದು ಅವನಿಗೆ ಬೇಕಾಗಿರಲಿಲ್ಲ.

ಉಕ್ಕಿನ ಊರಿಗೆ ಹೀಗೊಂದು ತಂಡ ಇರುವುದನ್ನು ಕೇಳಿದಾಗ ನನಗೆ ನಮ್ಮ ಗೇಟು ನೆನಪಾಯಿತು. ಬೆಂಕಿಪುರ ಎಂಬ ಹೆಸರಿದ್ದ ಊರಿನಲ್ಲಿ 1923ರಲ್ಲಿ, ಮಲೆನಾಡಿನ ಕಟ್ಟಿಗೆಯ ಇದ್ದಿಲು ಉರಿಸಿ ಕಬ್ಬಿಣ ಕರಗಿಸಿದ ಕಾರ್ಖಾನೆ ಅದು. ವಿಶ್ವೇಶ್ವರಯ್ಯನವರ ಹೆಸರು ಹೊತ್ತಿದೆ. ಸರಿಯಾಗಿ ನೂರು ತುಂಬುವ 2023ರ ಜನವರಿಯಲ್ಲೇ ಅದನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಪೇಪರ್ ಮಿಲ್ ಅದಕ್ಕೂ ಮೊದಲೇ ತಣ್ಣಗಾಗಿತ್ತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಶಾಮಿಯಾನ ಹಾಕಿ ಕೂತರು. ಮಳೆಗೂ ಏಳಲಿಲ್ಲ. ಆ ವರ್ಷ ಆಗಸ್ಟಿನಲ್ಲಿ ಬಾರ್ ಮಿಲ್ ಮತ್ತೆ ತಿರುಗಿತು. ಪೂರ್ತಿ ಗೆದ್ದರು ಎನ್ನುವ ಹಾಗಿಲ್ಲ, ಆದರೆ ಎದುರಿನವನು ಗೆರೆ ದಾಟಿಯೂ ಇಲ್ಲ. ‘ಫ್ಯಾಕ್ಟರಿ ಕಥೆ ಏನಾಯ್ತು’ ಎಂದವರಿಗೆ ನನ್ನ ಉತ್ತರ ಉದ್ದವಾಗುವುದು ಇದಕ್ಕೇ.

ಭಾರತದ ರಕ್ತದವರು ಯಾರಾದರೂ ಆ ಲೀಗಿನಲ್ಲಿ ಹಿಡಿದದ್ದುಂಟೆ ಎಂದು ಕೇಳಿದೆ. ಉಂಟು, ಬ್ರ್ಯಾಂಡನ್ ಚಿಲ್ಲರ್. ತಂದೆ ಭಾರತದವರು. ಕ್ಯಾಲಿಫೋರ್ನಿಯದಲ್ಲಿ ಬೆಳೆದು, 2004ರಲ್ಲಿ ಸೇಂಟ್ ಲೂಯಿ ರಾಮ್ಸ್ ಸೇರಿ, 2008ರಿಂದ ಗ್ರೀನ್ ಬೇ ಪ್ಯಾಕರ್ಸ್‌ನಲ್ಲಿ ಲೈನ್‌ಬ್ಯಾಕರ್ ಆದರು. 2011ರ ಫೆಬ್ರವರಿಯಲ್ಲಿ ಪ್ಯಾಕರ್ಸ್ ಸೂಪರ್ ಬೌಲ್ ಗೆದ್ದಾಗ ಅವರು ಗಾಯಾಳುಗಳ ಪಟ್ಟಿಯಲ್ಲಿದ್ದರು. ಬೆಂಗಳೂರು ಬುಲ್ಸ್ ಪರ ಮೊದಲ ಸೀಸನ್ನುಗಳಲ್ಲಿ ಕೈಯಿಟ್ಟಲ್ಲೆಲ್ಲ ಹಿಡಿತ ಸಾಧಿಸುತ್ತಿದ್ದ ಮಂಜೀತ್ ಅವರ ಅಡ್ಡಹೆಸರೂ ಚಿಲ್ಲರ್ ಎಂಬುದನ್ನು ಕಾರ್ನರ್ ಆ ಕ್ಷಣವೇ ಪತ್ತೆಹಚ್ಚಿ, ‘ಆ ಮನೆತನದಲ್ಲೇ ಹಿಡಿತ ಇದೆ’ ಎಂದು ವಂಶವೃಕ್ಷ ಬರೆದುಬಿಟ್ಟ. ಇಬ್ಬರಿಗೂ ನೆಂಟಸ್ತನ ಇದೆಯೋ ಇಲ್ಲವೋ ಎಂಬುದು ಅವನನ್ನು ಬಾಧಿಸಲಿಲ್ಲ. 2012ರ ಹೊತ್ತಿಗೆ ನಮ್ಮಲ್ಲೂ ಈ ಆಟದ ಲೀಗೊಂದು ಹುಟ್ಟಿತ್ತು. ಬೆನ್ನಿಗೆ ನಿಂತವರಲ್ಲಿ ಆ ಚಿಲ್ಲರ್ ಕೂಡ ಇದ್ದರು. ಬೆಂಗಳೂರಿನ ತಂಡದ ಹೆಸರು ವಾರ್‌ಹಾಕ್ಸ್. ಶ್ರೀಲಂಕಾದಲ್ಲಿ ಆಡಿಸಿ ಟಿವಿಯಲ್ಲಿ ತೋರಿಸಿದರು. ಭದ್ರಾವತಿಯಲ್ಲಿ ನೋಡಿದವರು ಇದ್ದರೆ ನನಗೆ ಸಿಕ್ಕಿಲ್ಲ.

ಹಿಡಿಯುವವರ ಪರವಾಗಿ ಇಷ್ಟೆಲ್ಲ ಕೇಳಿದ ಮೇಲೆ ನನ್ನ ಮನೆಯಲ್ಲೇ ಒಬ್ಬರಿದ್ದಾರೆ ಎಂಬುದು ನನಗೆ ಹೊಳೆಯಿತು. ನಲವತ್ತು ವರ್ಷದ ಸಂಸಾರದಲ್ಲಿ ನಾನು ತಂದದ್ದು ಎಲ್ಲರಿಗೂ ಕಾಣುತ್ತದೆ: ಸೈಟು, ಸ್ಕೂಟರು, ಫ್ರಿಜ್ಜು. ಚೀಟಿ ವ್ಯವಹಾರದವನು, ಇನ್ಶೂರೆನ್ಸಿನವನು, ಸಾಗರದ ಕಡೆ ಅಗ್ಗದ ತೋಟ ಇದೆ ಎನ್ನುತ್ತಿದ್ದವನು, ಇವರನ್ನೆಲ್ಲ ನನ್ನ ಹೆಂಡತಿ ಗೇಟಿನ ಹತ್ತಿರವೇ ಕಣಕಾಲು ಹಿಡಿದು ಕೆಡವಿದ್ದು ಯಾವ ಪಾಸ್‌ಬುಕ್ಕಿನಲ್ಲೂ ಇಲ್ಲ. ಇದನ್ನು ಅವಳಿಗೆ ಹೇಳಿದೆ. ‘ಹೌದಾ? ಹಾಗಾದರೆ ಸಂಜೆ ಸಕ್ಕರೆ ಇಲ್ಲದ ಕಾಫಿ’ ಎಂದಳು.

ಪೇಜ್ ಆಟ ಬಿಟ್ಟಮೇಲೆ ವಕೀಲರಾಗಿ, 1992ರ ಚುನಾವಣೆಯಲ್ಲಿ ಗೆದ್ದು ಮಿನ್ನೆಸೋಟ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. ಅಲ್ಲಿ ನ್ಯಾಯಮೂರ್ತಿಗಳನ್ನೂ ಜನ ಓಟು ಹಾಕಿ ಆರಿಸುತ್ತಾರೆ. ಆ ಕೋರ್ಟಿಗೆ ಬಂದ ಮೊದಲ ಕಪ್ಪು ನ್ಯಾಯಮೂರ್ತಿ ಅವರು. 2015ರಲ್ಲಿ ಎಪ್ಪತ್ತು ತುಂಬಿ ನಿವೃತ್ತರಾಗುವವರೆಗೂ ಅಲ್ಲಿದ್ದರು. ಕಾರ್ನರ್‌ಗೆ ಈ ಭಾಗ ಅಷ್ಟು ರುಚಿಸಲಿಲ್ಲ. ಅವನಿಗೆ ರುಚಿಸಿದ್ದು ಅಳಿಯನ ಮಗಳು ತನ್ನ ಚೀಲದಿಂದ ತೆಗೆದ ಒಂದು ಮಕ್ಕಳ ಪುಸ್ತಕ. ಬರೆದದ್ದು ಪೇಜ್ ಮತ್ತು ಅವರ ಮಗಳು ಕೇಮಿ. ವಿಷಯ: ಅವರ ಕಿರುಬೆರಳು. ಆಟದಲ್ಲಿ ಮತ್ತೆ ಮತ್ತೆ ಕೀಲು ತಪ್ಪಿ ಅದು ಕೈಯಿಂದ ಲಂಬವಾಗಿ ಹೊರಕ್ಕೆ ತಿರುಗಿ ಹಾಗೇ ನಿಂತುಬಿಟ್ಟಿದೆ. ನ್ಯಾಯಪೀಠದ ಮೇಲೆ ಕೂತಾಗಲೂ ಹಾಗೇ ಇತ್ತು. ಮಕ್ಕಳು ಅದನ್ನೇ ನೋಡುತ್ತಾರೆ ಎಂದು ಕೊನೆಗೆ ಅದರ ಮೇಲೇ ಪುಸ್ತಕ ಬರೆದರು.

ಕಾರ್ನರ್ ಏನೂ ಹೇಳದೆ ತನ್ನ ಎಡಗೈಯನ್ನು ಮೇಜಿನ ಮೇಲೆ ಚಾಚಿಟ್ಟ. ಆ ಬೆರಳನ್ನು ನಾನು ಹುಡುಗಾಟದ ದಿನದಿಂದ ನೋಡಿದ್ದೇನೆ. ಮದುವೆಯಲ್ಲಿ ಮಾವನವರು ಪಕ್ಕದ ಬೆರಳಿಗೆ ಉಂಗುರ ತೊಡಿಸಲು ಹೋದಾಗ ಅಡ್ಡ ಬಂದದ್ದು ಅದೇ. ಅದು ಸೊಟ್ಟಗಾದಾಗ ಊರಿನ ಮೂಳೆ ಕಟ್ಟುವವರು ಬಿದಿರಿನ ದಬ್ಬೆ ಇಟ್ಟು ಕಟ್ಟಿದ್ದರು. ಮರುವಾರ ಪಂದ್ಯವಿತ್ತೆಂದು ಇವನೇ ಬಿಚ್ಚಿಕೊಂಡಿದ್ದ.

ಹುಡುಗಿ ಪುಸ್ತಕದ ಚಿತ್ರವನ್ನೂ ಆ ಬೆರಳನ್ನೂ ನೋಡಿದಳು. ಇಷ್ಟಕ್ಕೆ ತೃಪ್ತಿಯಾಗದೆ ಕಾರ್ನರ್‌ನ ಮೊಮ್ಮಗನ ಕಂಪಾಸ್ ಬಾಕ್ಸು ಬೇಕು ಎಂದಳು. ಮರುದಿನ ಎಲ್ಲರೂ ಭದ್ರಾವತಿಗೆ, ಕಾರ್ನರ್ ಮನೆಗೆ ಹೋಗುವುದಿತ್ತು. ಹೋದ ಕೂಡಲೇ ಕೋನಮಾಪಕ ತೆಗೆದು, ನಾಲಿಗೆ ಕಚ್ಚಿಕೊಂಡು ಅಳೆದಳು.

‘ಪೇಜ್ ತೊಂಬತ್ತು. ನಿಮ್ದು ಐವತ್ತೈದು ಡಿಗ್ರಿ ಅಷ್ಟೇ, ತಾತ.’

‘ಇನ್ನೊಂದ್ಸಲ ಇಟ್ಟು ನೋಡು ಪುಟ್ಟಿ, ಜರುಗಿದೆ ಅದು.’

ಇನ್ನೊಂದು ಸಲ ಇಟ್ಟಳು. ಐವತ್ತೈದೇ.

‘ಇನ್ನೆರಡು ಸೀಸನ್ ಆಡಿದ್ದರೆ ನಂದೂ ತೊಂಬತ್ತು ಆಗ್ತಿತ್ತು ಬಿಡು’ ಎಂದ ಕಾರ್ನರ್.

‘ಇನ್ನೆರಡು ಸೀಸನ್ ಆಡಿದ್ದರೆ ನಾನು ನಮ್ಮಪ್ಪನ ಮನೆಯಲ್ಲಿ ಇರ್ತಿದ್ದೆ. ಕೈ ತೊಳ್ಕೊಂಡು ಬನ್ನಿ’ ಎಂದು ಒಳಗಿನಿಂದ ಧ್ವನಿ ಬಂತು.